ವೈಫೈ ಬಾಕ್ಸ್ ಎಲ್ಲಿರಬೇಕು ಅಂತ ನೀವೇ ಹೇಳಿ

ಮನೆಗೆ ಫೈಬರ್ ಹಾಕೋಕೆ ಬಂದ ಹುಡುಗ ಕೇಳೋ ಪ್ರಶ್ನೆ ಒಂದೇ. "ಸಾರ್, ಬಾಕ್ಸ್ ಎಲ್ಲಿ ಹಾಕ್ಲಿ?" ನಾವು ಕೊಡೋ ಉತ್ತರವೂ ಒಂದೇ. "ನಿನಗೆ ಎಲ್ಲಿ ಸುಲಭವೋ ಅಲ್ಲೇ ಹಾಕಪ್ಪ." ಮುಗೀತು. ಅವನಿಗೆ ಸುಲಭ ಆಗೋದು ಕೇಬಲ್ ಒಳಗೆ ಬರುವ ಕಿಟಕಿ ಪಕ್ಕ, ಇಲ್ಲಾ ಮುಂಬಾಗಿಲ ಮೇಲೆ. ಅವನನ್ನ ಬೈದು ಪ್ರಯೋಜನ ಇಲ್ಲ, ಸಂಜೆಯೊಳಗೆ ಅವನಿಗೆ ಇನ್ನೂ ನಾಲ್ಕು ಮನೆ ಇರುತ್ತೆ. ಆದರೆ ಒಂದು ಗಂಟೆ ಇದ್ದು ಹೋಗುವವನ ಅನುಕೂಲಕ್ಕೆ ಹಾಕಿದ ಬಾಕ್ಸ್ ಜೊತೆ ವರ್ಷಗಟ್ಟಲೆ ಬದುಕಬೇಕಾದವರು ನಾವು. ಒಳರೂಮಿನಲ್ಲಿ ಮಗಳ ಆನ್‌ಲೈನ್ ಕ್ಲಾಸ್ ನಿಂತು ನಿಂತು ಬರುತ್ತೆ. ನಾವು ಕಸ್ಟಮರ್ ಕೇರ್ ಜೊತೆ ಜಗಳಕ್ಕೆ ಬೀಳ್ತೀವಿ. ಅದೇ ಫೋನ್ ಹಿಡಿದು ಬಾಕ್ಸ್ ಪಕ್ಕ ನಿಂತರೆ? ಎಷ್ಟೋ ಮನೆಗಳಲ್ಲಿ ಸ್ಪೀಡ್ ಪೂರ್ತಿ ಬರ್ತಾ ಇರುತ್ತೆ!

ಇದು ಯಾಕೆ ಹೀಗೆ? ಸ್ವಲ್ಪ ಅರ್ಥ ಮಾಡಿಕೊಳ್ಳೋಣ. ಫೈಬರ್ ಅಂದರೆ ಗಾಜಿನ ಎಳೆ. ತಲೆಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಅದರ ನಡುವೆ ಕಣ್ಣಿಗೆ ಕಾಣದ ಬೆಳಕು ಓಡುತ್ತೆ. ಎಕ್ಸ್‌ಚೇಂಜಿನಿಂದ 20 ಕಿಲೋಮೀಟರ್ ದೂರದ ಮನೆಗೂ ಈ ಬೆಳಕು ತಲುಪಬಲ್ಲದು. ಮನೆಯಲ್ಲಿರೋ ಬಾಕ್ಸ್ ಆ ಬೆಳಕನ್ನ ಇಂಟರ್ನೆಟ್ ಆಗಿ ಬದಲಾಯಿಸುತ್ತೆ. ಅಲ್ಲಿಂದ ಮುಂದೆ ವೈಫೈ, ಅಂದರೆ ರೇಡಿಯೋ ಅಲೆ. ಇದಕ್ಕೆ ಮಾತ್ರ ಎರಡು ಇಟ್ಟಿಗೆ ಗೋಡೆ ದಾಟೋದೇ ದೊಡ್ಡ ಸಾಹಸ. ಹಾಗಾದ್ರೆ ಲೆಕ್ಕ ಹಾಕಿ. ಮನೆಯೊಳಗೆ ಇನ್ನೊಂದು 15 ಮೀಟರ್ ಕೇಬಲ್ ಎಳೆದರೆ ಗಾಜಿನ ಎಳೆಗೆ ಅದು ಲೆಕ್ಕಕ್ಕೇ ಇಲ್ಲ. ನಾವು ಆ 15 ಮೀಟರ್ ಉಳಿಸಿ, ಗೋಡೆ ದಾಟುವ ಕೆಲಸವನ್ನ ವೈಫೈ ತಲೆ ಮೇಲೆ ಹಾಕ್ತೀವಿ. ಕೇಬಲನ್ನ ಒಳಗೆ ಕರೆದುಕೊಂಡು ಬನ್ನಿ ಸ್ವಾಮಿ. ಇವತ್ತಿನ ಮಾತಿನ ಸಾರ ಇಷ್ಟೇ.

ಎಲ್ಲಿಗೆ ಕರೆದುಕೊಂಡು ಬರಬೇಕು? ಮನೆಯ ನಕ್ಷೆಯಲ್ಲಿ ನಡುಭಾಗ ಹುಡುಕೋದಕ್ಕಿಂತ, ಮನೆಯವರು ಫೋನು, ಲ್ಯಾಪ್‌ಟಾಪ್ ಹಿಡಿದು ಕೂರುವ ಜಾಗಗಳ ನಡುಭಾಗ ಹುಡುಕಿ. ಎದೆಮಟ್ಟಕ್ಕಿಂತ ಮೇಲೆ, ಸುತ್ತ ಗಾಳಿ ಆಡುವ ಹಾಗಿರಲಿ. ಟಿವಿ ಹಿಂದೆ ಬೇಡ, ಕಬ್ಬಿಣದ ಬೀರು ಪಕ್ಕ ಬೇಡ, ಫ್ರಿಡ್ಜ್ ಮೇಲೆ ಬೇಡ. ಲೋಹ ಅಲೆಯನ್ನ ತಡೆಯುತ್ತೆ. ಕನ್ನಡಿಯ ಹಿಂದೆಯೂ ತೆಳುವಾದ ಲೋಹದ ಲೇಪ ಇರುತ್ತೆ, ಮರೀಬೇಡಿ. ಮೀನಿನ ತೊಟ್ಟಿಯೂ ಅಡ್ಡಿಯೇ, ನೀರು ಅಲೆಯನ್ನ ಕುಡಿಯುತ್ತೆ. ಅಡುಗೆಮನೆಯ ಮೈಕ್ರೋವೇವ್ ಓವನ್ ಕೂಡ ವೈಫೈ ಬಳಸುವ 2.4 ಗಿಗಾಹರ್ಟ್ಸ್ ಸುತ್ತಮುತ್ತಲೇ ಕೆಲಸ ಮಾಡೋದು, ಅದರಿಂದಲೂ ದೂರ ಇರಲಿ. ಚೆನ್ನಾಗಿ ಕಾಣಲ್ಲ ಅಂತ ಬಾಕ್ಸನ್ನ ಕಪಾಟಿನೊಳಗೆ ಮುಚ್ಚಿಡೋದು, ಮೇಲೆ ಕಸೂತಿ ಬಟ್ಟೆ ಹೊದಿಸೋದು, ಇವೆರಡೂ ಬೇಡ. ಅದು ಹಗಲುರಾತ್ರಿ ಬಿಸಿಯಾಗ್ತಾನೇ ಇರುವ ಯಂತ್ರ.

ಗೋಡೆಗೆ ತೂತು ಹೊಡೆಯೋ ಮೊದಲು ಒಂದು ಪರೀಕ್ಷೆ ಮಾಡಿ. ಖರ್ಚಿಲ್ಲ. ಬಾಕ್ಸ್ ಇಡಬೇಕು ಅಂದುಕೊಂಡ ಜಾಗದಲ್ಲಿ ಒಂದು ಫೋನ್ ಇಟ್ಟು ಹಾಟ್‌ಸ್ಪಾಟ್ ಆನ್ ಮಾಡಿ. ಇನ್ನೊಂದು ಫೋನನ್ನ ಅದಕ್ಕೆ ಜೋಡಿಸಿ ರೂಮಿಂದ ರೂಮಿಗೆ ಓಡಾಡಿ, ವೈಫೈ ಗುರುತು ಎಲ್ಲಿ ಕುಗ್ಗುತ್ತೆ ನೋಡಿ. ಚಿಕ್ಕ ಫೋನಿನ ಸಿಗ್ನಲ್ಲೇ ಮುಟ್ಟುವ ರೂಮಿಗೆ ಬಾಕ್ಸಿನದ್ದು ಆರಾಮಾಗಿ ಮುಟ್ಟುತ್ತೆ.

ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೊಂದು ಕಥೆ. ಬಿಲ್ಡರ್ ಮುಂಬಾಗಿಲ ಹಿಂದೆ ಗೋಡೆಯಲ್ಲಿ ಒಂದು ತಗಡಿನ ಡಬ್ಬಿ ಕೂರಿಸಿರ್ತಾನೆ, ಎಲ್ಲಾ ವೈರೂ ಅಲ್ಲಿಗೇ ಬರುತ್ತೆ. ಬಾಕ್ಸನ್ನ ಅದರೊಳಗಿಟ್ಟು ಮುಚ್ಚಳ ಹಾಕಿದರೆ ವೈಫೈನ ಜೈಲಿಗೆ ಹಾಕಿದ ಹಾಗೆ. ಫೈಬರ್ ಬಾಕ್ಸ್ ಅಲ್ಲೇ ಇರಬೇಕಾದರೆ ಇರಲಿ, ಅಲ್ಲಿಂದ ಒಂದು ಲ್ಯಾನ್ ಕೇಬಲ್ ಹಾಲ್‌ಗೆ ಎಳೆದು ವೈಫೈ ರೂಟರನ್ನ ಹೊರಗಿಡಿ. ಲ್ಯಾನ್ ಕೇಬಲ್ 100 ಮೀಟರ್ ತನಕ ಓಡುತ್ತೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಕರೆಂಟು.

ಹಳೇ ಲ್ಯಾಂಡ್‌ಲೈನ್ ನೆನಪಿದೆಯಾ? ಊರಿಗೆ ಊರೇ ಕತ್ತಲಾದರೂ ಫೋನ್ ರಿಂಗ್ ಆಗ್ತಿತ್ತು. ಯಾಕೆ ಗೊತ್ತಾ? ಆ ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ವಿದ್ಯುತ್ ಬರ್ತಿತ್ತು. ಗಾಜಿನಲ್ಲಿ ವಿದ್ಯುತ್ ಹರಿಯಲ್ಲ. ಮನೆಯ ಕರೆಂಟ್ ಹೋದರೆ ಬಾಕ್ಸ್ ಸತ್ತಂತೆ. ಅದಕ್ಕೆ ಸಿಗಿಸಿದ ಲ್ಯಾಂಡ್‌ಲೈನೂ ಸತ್ತಂತೆ. ಮಲೆನಾಡಿನ ಕಡೆ ಎಷ್ಟೋ ಮನೆಗಳಿಗೆ ಮೊಬೈಲ್ ಟವರ್ ಸಿಗಲ್ಲ, ವೈಫೈ ಕಾಲಿಂಗೇ ಗತಿ. ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ವಯಸ್ಸಾದ ಅಪ್ಪ-ಅಮ್ಮ ಇಬ್ಬರೇ. ಮಳೆಗಾಲದ ರಾತ್ರಿ ಕರೆಂಟ್ ಹೋದ ಹೊತ್ತಲ್ಲೇ ಅಪ್ಪನಿಗೆ ಎದೆನೋವು ಬಂದರೆ ಅಮ್ಮ ಯಾವ ಫೋನಿಂದ ಕರೆ ಮಾಡ್ಬೇಕು?

ಅದಕ್ಕೇ ಹೇಳ್ತಿರೋದು, ಪ್ಲಗ್ ಪಾಯಿಂಟ್ ನೋಡಿ ಜಾಗ ಆರಿಸಿ. ಮನೆಯಲ್ಲಿ ಯುಪಿಎಸ್ ಇದ್ದರೂ ಎಲ್ಲಾ ಪಾಯಿಂಟ್‌ಗೂ ಅದರ ಲೈನ್ ಇರಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ಆರಿಸಿದ ಪಾಯಿಂಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಚಾರ್ಜ್ ಆದರೆ ಅದೇ ಸರಿಯಾದ ಜಾಗ. ಯುಪಿಎಸ್ ಇಲ್ಲದವರಿಗೆ ಬಾಕ್ಸಿಗೆಂದೇ ಸಿಗುವ ಚಿಕ್ಕ ಯುಪಿಎಸ್ ಇದೆ. ತರೋ ಮುಂಚೆ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಬರೆದಿದೆ, ನೋಡಿಕೊಳ್ಳಿ. ಗುಡುಗು ಸಿಡಿಲಿನ ಹೊತ್ತಿಗೆ ಗಾಜಿನ ಎಳೆಯಲ್ಲಿ ಸಿಡಿಲು ಬರಲ್ಲ, ಪ್ಲಗ್ ಮೂಲಕ ಬರುತ್ತೆ. ಸಿಡಿಲು ಶುರುವಾಗೋ ಮೊದಲೇ ಪ್ಲಗ್ ಕೀಳಬೇಕು. ಹಾಗಾಗಿ ಅದು ಅಮ್ಮನ ಕೈಗೆ ಎಟುಕುವ ಎತ್ತರದಲ್ಲಿರಲಿ.

ಕೇಬಲ್ ಎಳೆಯುವಾಗ ಪಕ್ಕದಲ್ಲೇ ನಿಂತಿರಿ. ತೂತು ಹೊರಗಡೆಗೆ ಇಳಿಜಾರಾಗಿರಲಿ, ಇಲ್ಲದಿದ್ದರೆ ಮಳೆನೀರು ಕೇಬಲ್ ಹಿಡಿದುಕೊಂಡು ಒಳಗೆ ಬರುತ್ತೆ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಡ್ರಿಲ್ ಮಾಡಿಸಬೇಡಿ, ಗೋಡೆಯೊಳಗೆ ವೈರ್ ಇರುತ್ತೆ. ಮೂಲೆಗಳಲ್ಲಿ ಕೇಬಲನ್ನ ಮಡಿಸಬಾರದು. ಸುರುಳಿ ಸುತ್ತಿದರೆ ಕಾಫಿ ಲೋಟದ ಬಾಯಿಗಿಂತ ಚಿಕ್ಕದಾಗಬಾರದು. ಮಡಿಕೆಯಲ್ಲಿ ಬೆಳಕು ಸೋರಿ ಹೋಗುತ್ತೆ. ಬಾಗಿಲ ಸಂದಿಯಲ್ಲಿ ಸಿಕ್ಕಿ ಒಳಗಿನ ಎಳೆ ಮುರಿದರಂತೂ ಬಾಕ್ಸ್ ಮೇಲೆ ಕೆಂಪು ದೀಪ ಹತ್ತಿ ಕೂರುತ್ತೆ. ಕತ್ತರಿಸಿದ ಎಳೆಯ ಚೂರುಗಳು ಗಾಜು, ಮಕ್ಕಳ ಕಾಲಿಗೆ ಚುಚ್ಚದ ಹಾಗೆ ಅವನ ಕೈಲೇ ಎತ್ತಿಸಿ. ಬಾಡಿಗೆ ಮನೆಯಾದರೆ ಓನರ್‌ಗೆ ಮೊದಲೇ ಒಂದು ಮಾತು ಹೇಳಿ.

ಹೆಚ್ಚಿನ ಕೇಬಲ್‌ಗೆ ಸ್ವಲ್ಪ ದುಡ್ಡು ಕೇಳಬಹುದು. ಕೊಡಿ. ತಿಂಗಳು ತಿಂಗಳು ಕಟ್ಟೋ ಬಿಲ್ ಮುಂದೆ ಅದು ದೊಡ್ಡದಲ್ಲ. ಬಾಗಿಲ ಹತ್ತಿರ ಸ್ಪೀಡ್ ತೋರಿಸಿ ಸಹಿ ಕೇಳಿದರೆ ಒಪ್ಪಬೇಡಿ. ಒಳರೂಮಿಗೆ ಕರ್ಕೊಂಡು ಹೋಗಿ ಮಂಚದ ಮೇಲೆ ಕೂತು ಒಂದು ವಿಡಿಯೋ ಕಾಲ್ ಮಾಡಿ. ಆ ಕಡೆಯ ಮುಖ ನಿಲ್ಲದೆ ಮಾತಾಡಿದರೆ ಆಮೇಲೆ ಸಹಿ ಹಾಕಿ.