ಸ್ಟೆಂಟ್ ಹಾಕಿಸಿಕೊಂಡವರಿಗೂ ಜೀವವಿಮೆ: ಒಂದು ಲೆಕ್ಕ ಬೆಳೆದ ಬಗೆ

ಜೀವವಿಮೆಯ ಪ್ರಪೋಸಲ್ ಫಾರಂ ತುಂಬುವಾಗ ಏಜೆಂಟರ ಪೆನ್ನು ಸಲೀಸಾಗಿ ಓಡುತ್ತಿರುತ್ತದೆ. ಹೆಸರು, ಹುಟ್ಟಿದ ದಿನ, ನಾಮಿನಿ, ಅಪ್ಪ-ಅಮ್ಮ ಇದ್ದಾರೋ ಇಲ್ಲವೋ, ಇಲ್ಲದಿದ್ದರೆ ಯಾವ ವಯಸ್ಸಿಗೆ ಹೋದರು. ಹೃದಯದ ಕಾಯಿಲೆಗೆ ಎಂದಾದರೂ ಚಿಕಿತ್ಸೆ ಪಡೆದಿದ್ದೀರಾ ಎಂಬ ಸಾಲು ಬಂದಾಗ ಅದು ನಿಲ್ಲುತ್ತದೆ. ಎದುರಿಗೆ ಕೂತವರು ಸ್ಟೆಂಟ್ ಹಾಕಿಸಿಕೊಂಡವರಾದರೆ ಮನೆಮಂದಿಯ ಮುಖ ಒಮ್ಮೆ ಬಾಡುತ್ತದೆ. ‘ಹೌದು ಅಂತ ಬರೆದ್ರೆ ಪಾಲಿಸಿ ಸಿಗಲ್ವೇನ್ರೀ?’ ಎಂಬ ಪ್ರಶ್ನೆ ಒಳಮನೆಯಿಂದಲೇ ಬರುತ್ತದೆ.

ಬಹುಕಾಲ ಈ ಪ್ರಶ್ನೆಗೆ ಇದ್ದ ಉತ್ತರ ‘ಸಿಗಲ್ಲ’ ಎಂಬುದೊಂದೇ. ಇವತ್ತು ಹಾಗಿಲ್ಲ. ಎಷ್ಟು ದಿನ ಕಾಯಬೇಕು, ಎಷ್ಟು ಹೆಚ್ಚಿನ ಕಂತು ಕಟ್ಟಬೇಕು, ಯಾವ ಬಗೆಯ ಪಾಲಿಸಿ ಸಿಕ್ಕೀತು ಎಂದು ಮಾತು ಮುಂದುವರಿಯುತ್ತದೆ. ಕೆಲವರಿಗೆ ಈಗಲೂ ಸಿಗುವುದಿಲ್ಲ. ಆದರೆ ಹೃದ್ರೋಗಿಯ ಅರ್ಜಿಯನ್ನು ತೆರೆದು ಓದಿ, ಅಳೆದು, ಒಂದು ಬೆಲೆ ಹೇಳುವ ಪದ್ಧತಿ ಬೆಳೆದಿದೆ. ಅದರ ಹಿಂದೆ ಎರಡೂವರೆ ಶತಮಾನದ ಲೆಕ್ಕಾಚಾರವಿದೆ.

ಶುರುವಾದದ್ದು ಲಂಡನ್ನಿನಲ್ಲಿ. ಅಲ್ಲಿ 1706ರಿಂದ ಅಮಿಕಬಲ್ ಎಂಬ ಸೊಸೈಟಿಯೊಂದು ಸದಸ್ಯರ ಸಾವಿಗೆ ಹಣ ಕೊಡುತ್ತಿತ್ತು. 45 ದಾಟಿದವರನ್ನು ಅದು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗೆ ವಯಸ್ಸಿನ ಕಾರಣಕ್ಕೆ ವಾಪಸು ಬಂದವರಲ್ಲಿ ಜೇಮ್ಸ್ ಡಾಡ್ಸನ್ ಎಂಬ ಗಣಿತದ ಮೇಷ್ಟ್ರೂ ಒಬ್ಬರು. ವಯಸ್ಸಾದವನು ಬೇಗ ಸಾಯುವ ಸಂಭವ ಹೆಚ್ಚೆಂಬುದು ಅವರಿಗೂ ಗೊತ್ತಿತ್ತು. ಹಾಗಾದರೆ ಅವನನ್ನು ಬಿಟ್ಟುಬಿಡುವುದೇಕೆ, ಅವನಿಂದ ಹೆಚ್ಚು ತೆಗೆದುಕೊಂಡರಾಯಿತಲ್ಲ ಎಂದು ಅವರು ಯೋಚಿಸಿದರು. ಲಂಡನ್ನಿನ ಮರಣಪಟ್ಟಿಗಳನ್ನು ಮುಂದಿಟ್ಟುಕೊಂಡು ಯಾವ ವಯಸ್ಸಿಗೆ ಎಷ್ಟು ಕಂತು ಎಂದು ಲೆಕ್ಕ ಹಾಕಿದರು. 1757ರಲ್ಲಿ ಅವರು ತೀರಿಕೊಂಡರು. ಅವರ ಲೆಕ್ಕವನ್ನೇ ಬುನಾದಿಯಾಗಿಸಿಕೊಂಡು ಈಕ್ವಿಟಬಲ್ ಸೊಸೈಟಿ 1762ರಲ್ಲಿ ಹುಟ್ಟಿತು. ವಿಮೆ ಬೇಡಿದವನು ನಿರ್ದೇಶಕರ ಎದುರು ತಾನೇ ಬಂದು ನಿಲ್ಲಬೇಕಿತ್ತು. ಸಿಡುಬು ಬಂದು ಹೋಗಿದೆಯೇ, ಕೀಲೂತದ ಗೌಟ್ ಇದೆಯೇ ಎಂದು ಕೇಳುತ್ತಿದ್ದರು. ಎದೆಯೊಳಗೆ ಏನು ನಡೆಯುತ್ತಿದೆಯೆಂದು ತಿಳಿಯಲು ಆಗ ದಾರಿಯೇ ಇರಲಿಲ್ಲ. ಸ್ಟೆತಾಸ್ಕೋಪು ಬಂದದ್ದೇ 1816ರಲ್ಲಿ.

ಕಾಯಿಲೆಯವರಿಗೂ ವಿಮೆ ಕೊಡುತ್ತೇವೆಂದು ಬಹಿರಂಗವಾಗಿ ಸಾರಿದ ಮೊದಲಿಗರಲ್ಲಿ ಒಂದು, 1824ರಲ್ಲಿ ಲಂಡನ್ನಿನಲ್ಲೇ ಶುರುವಾದ ಕ್ಲೆರಿಕಲ್ ಮೆಡಿಕಲ್ ಸಂಸ್ಥೆ. ಅದನ್ನು ಕಟ್ಟಲು ಮುಂದಾದವರು ಜಾರ್ಜ್ ಪಿಂಕಾರ್ಡ್ ಎಂಬ ವೈದ್ಯರು. ಅವರಿಗೇ ಎದೆಶೂಲೆಯಿತ್ತು. 1835ರಲ್ಲಿ ಅವರನ್ನು ಬಲಿ ತೆಗೆದುಕೊಂಡದ್ದೂ ಅದೇ. ವಿಮೆಯ ಇತಿಹಾಸದಲ್ಲಿ ನನಗೆ ಎಲ್ಲರಿಗಿಂತ ಹತ್ತಿರವೆನಿಸುವ ವ್ಯಕ್ತಿ ಇವರು. ಆರೋಗ್ಯವಂತರಿಗಷ್ಟೇ ವಿಮೆಯೆಂಬ ನಿಯಮ ಯಾರನ್ನು ಹೊರಗಿಡುತ್ತದೆಂಬುದು ರೋಗಿಯೂ ವೈದ್ಯನೂ ಒಬ್ಬರೇ ಆಗಿದ್ದ ಅವರಿಗೆ ಚೆನ್ನಾಗಿ ಕಂಡಿರಬೇಕು.

ಆದರೆ ಹೆಚ್ಚಿನ ಕಂತು ಎಂದರೆ ಎಷ್ಟು? ಅದಕ್ಕೆ ಅಳತೆಗೋಲಿರಲಿಲ್ಲ. ವೈದ್ಯರು, ನಿರ್ದೇಶಕರು ತಮಗೆ ತೋಚಿದಷ್ಟು ಹೇಳುತ್ತಿದ್ದರು. ಹೃದಯದ ಬಡಿತದ ನಡುವೆ ಮರ್ಮರ ಕೇಳಿಸಿದರೆ ಸಾಕು, ಅರ್ಜಿ ಪಕ್ಕಕ್ಕೆ ಹೋಗುತ್ತಿತ್ತು. ಮರ್ಮರದಲ್ಲಿ ನಿರುಪದ್ರವಿಯೂ ಇದೆ, ಕವಾಟ ಕೆಟ್ಟುದರ ಗುರುತೂ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದ ಎಷ್ಟೋ ಗಟ್ಟಿಮುಟ್ಟಾದವರು ‘ಹೃದ್ರೋಗಿ’ ಎಂಬ ಹಣೆಪಟ್ಟಿ ಹೊತ್ತು ಮನೆಗೆ ಹೋದರು.

ಅಳತೆಗೋಲು ಸಿದ್ಧವಾದದ್ದು ಅಮೆರಿಕದಲ್ಲಿ. ನ್ಯೂಯಾರ್ಕ್ ಲೈಫ್ ಕಂಪನಿ 1896ರಲ್ಲಿ, ಬೇರೆ ಕಡೆ ತಿರಸ್ಕೃತರಾಗುತ್ತಿದ್ದವರಿಗೂ ಪಾಲಿಸಿ ಕೊಡತೊಡಗಿತು. ಅದರ ಮುಖ್ಯ ವೈದ್ಯ ಆಸ್ಕರ್ ರೋಜರ್ಸ್ ಮತ್ತು ವಿಮಾಗಣಿತಜ್ಞ ಆರ್ಥರ್ ಹಂಟರ್ ಇಬ್ಬರೂ ಸೇರಿ ಮುಂದಿನ ದಶಕದಲ್ಲಿ ಒಂದು ಅಂಕಪದ್ಧತಿ ಕಟ್ಟಿದರು. ಆ ವಯಸ್ಸಿನ ಸಾಮಾನ್ಯ ಆರೋಗ್ಯದವರ ಸಾವಿನ ಪ್ರಮಾಣ 100 ಎಂದಿಟ್ಟುಕೊಳ್ಳುವುದು. ಮೈತೂಕ ಜಾಸ್ತಿಯಿದ್ದರೆ ಇಷ್ಟು ಕೂಡಿಸು, ಅಪ್ಪ-ಅಮ್ಮ ದೀರ್ಘಾಯುಗಳಾಗಿದ್ದರೆ ಇಷ್ಟು ಕಳೆ, ಉದ್ಯೋಗ ಅಪಾಯದ್ದಾದರೆ ಇನ್ನಿಷ್ಟು ಕೂಡಿಸು. ಕೊನೆಗೆ ಬಂದ ಮೊತ್ತ 250 ಆದರೆ, ಇಂಥವರಲ್ಲಿ ಸಾವು ಸಾಮಾನ್ಯರಿಗಿಂತ ಎರಡೂವರೆ ಪಟ್ಟು ಎಂದರ್ಥ. 1919ರಲ್ಲಿ ಅವರು ಇದನ್ನು ವಿಮಾಗಣಿತಜ್ಞರ ಮುಂದೆ ಲೇಖನವಾಗಿ ಇಟ್ಟರು. ಇಂದು ನಮ್ಮ ವಿಮಾ ಕಚೇರಿಗಳಲ್ಲಿ ‘ಇಎಂಆರ್ 150 ಬಂದಿದೆ’ ಎನ್ನುವಾಗ ಆಡುವ ಮಾತು ಇದೇ ಹೆಚ್ಚುವರಿ ಸಾವಿನ ಅಂಕದ್ದು: ನೂರರ ಮೇಲೆ ನೂರೈವತ್ತು ಹೆಚ್ಚು.

ಇದೇ ಕಾಲದಲ್ಲಿ ಇನ್ನೊಂದು ನಡೆಯಿತು. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ಸಾಧನವನ್ನು ಇಟಲಿಯ ರೀವಾ ರೋಚಿ 1896ರಲ್ಲಿ ತಂದರು. ಸ್ಟೆತಾಸ್ಕೋಪಿಟ್ಟು ಕೇಳುವ ಕ್ರಮವನ್ನು ರಷ್ಯಾದ ಕೊರೊಟ್ಕಾಫ್ 1905ರಲ್ಲಿ ಸೇರಿಸಿದರು. ಎಷ್ಟೋ ವೈದ್ಯರು ಅದನ್ನಿನ್ನೂ ದಿನನಿತ್ಯದ ಬಳಕೆಗೆ ತಂದಿರದಿದ್ದಾಗ, ಮಿಲ್ವಾಕಿಯ ನಾರ್ತ್‌ವೆಸ್ಟರ್ನ್ ಮ್ಯೂಚುವಲ್ ವಿಮಾ ಕಂಪನಿ 1907ರಲ್ಲಿ ಅರ್ಜಿದಾರರ ಬಿಪಿ ನೋಡಲು ಶುರುಮಾಡಿತು. ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿದ್ದವರಲ್ಲೂ ಬಿಪಿ ಜಾಸ್ತಿಯಿದ್ದವರು ಬೇಗ ತೀರಿಕೊಳ್ಳುತ್ತಾರೆಂಬುದು ಕ್ಲೇಮುಗಳ ಕಡತದಿಂದ ಸ್ಪಷ್ಟವಾಯಿತು. ಬಿಪಿಯನ್ನು ಹೃದ್ರೋಗದ ಕಾರಣವೆಂದು ಲೋಕಕ್ಕೆ ಮನವರಿಕೆ ಮಾಡಿಕೊಟ್ಟ ಫ್ರಾಮಿಂಗ್‌ಹ್ಯಾಮ್ ಅಧ್ಯಯನ ಆರಂಭವಾದದ್ದು 1948ರಲ್ಲಿ, ಅಂದರೆ 41 ವರ್ಷ ಆಮೇಲೆ. ಹಣ ಕಳೆದುಕೊಳ್ಳುವ ಭಯದಿಂದ ಸಾವುಗಳನ್ನು ಎಣಿಸಿದ ಕಂಪನಿಗಳಿಂದ ವೈದ್ಯಕೀಯಕ್ಕೆ ಇಷ್ಟು ಉಪಕಾರವಾಯಿತೆಂಬುದನ್ನು ನಾವು ನೆನೆಯುವುದೇ ಇಲ್ಲ.

ನಮ್ಮ ದೇಶದ ಕಥೆಗೆ ಬರೋಣ. ಇಲ್ಲಿ ಮೊದಲ ಜೀವವಿಮಾ ಕಂಪನಿ ಓರಿಯೆಂಟಲ್ 1818ರಲ್ಲಿ ಕಲ್ಕತ್ತೆಯಲ್ಲಿ ಶುರುವಾದಾಗ ಅದು ಯುರೋಪಿಯನ್ನರಿಗಾಗಿತ್ತು. ಬಾಬು ಮುತ್ತಿಲಾಲ್ ಸೀಲ್ ಅವರಂಥ ಗಣ್ಯರ ಒತ್ತಾಯದಿಂದ ವಿದೇಶಿ ಕಂಪನಿಗಳು ಭಾರತೀಯರಿಗೂ ವಿಮೆ ಕೊಡಲೊಪ್ಪಿದವು. ಆದರೆ ಭಾರತೀಯನ ಜೀವವೆಂದರೆ ಕೆಳದರ್ಜೆಯ ಜೀವವೆಂದು ಭಾರೀ ಹೆಚ್ಚುವರಿ ಕಂತು ಹೇರಿದವು. ನಾಡಿ ಸರಿ, ಮೈಕಟ್ಟು ಸರಿ. ಹುಟ್ಟಿದ್ದು ಇಲ್ಲಿ ಎಂಬುದೊಂದೇ ದೋಷ. ಇಂದು ಹೃದ್ರೋಗಿಯ ಮೇಲೆ ಬೀಳುವ ಎಕ್ಸ್‌ಟ್ರಾ ಪ್ರೀಮಿಯಂ ಅಂದು ನಮ್ಮೆಲ್ಲರ ಮುತ್ತಜ್ಜಂದಿರ ಮೇಲೆ ಬಿದ್ದಿತ್ತು. 1870ರಲ್ಲಿ ಬಾಂಬೆ ಮ್ಯೂಚುವಲ್ ಹುಟ್ಟಿ, ಭಾರತೀಯರಿಗೂ ಸಾಮಾನ್ಯ ದರದಲ್ಲೇ ವಿಮೆ ಕೊಟ್ಟಿತು. ಮೈಸೂರು ಸಂಸ್ಥಾನ 1891ರಲ್ಲಿ ತನ್ನ ನೌಕರರಿಗಾಗಿ ಸರ್ಕಾರದ್ದೇ ವಿಮೆ ಆರಂಭಿಸಿತು. ಅದೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಅಂದರೆ ಕೆಜಿಐಡಿ.

ಲೆಕ್ಕಕ್ಕೆ ಬೇಕಾದ ಸ್ವಂತ ಕೋಷ್ಟಕವೂ ನಿಧಾನವಾಗಿ ಬಂತು. ಓರಿಯೆಂಟಲ್ ಗವರ್ನ್‌ಮೆಂಟ್ ಸೆಕ್ಯೂರಿಟಿ ಎಂಬ ಬೇರೊಂದು ಕಂಪನಿಯ 1925-35ರ ಅನುಭವದ ಮೇಲೆ ಒಂದು ಮರಣ ಕೋಷ್ಟಕ ತಯಾರಾಯಿತು. 1956ರಲ್ಲಿ 245 ಸಂಸ್ಥೆಗಳನ್ನು ಒಟ್ಟುಗೂಡಿಸಿ ಎಲ್‌ಐಸಿ ಆದಮೇಲೆ ಅದರದ್ದೇ ಕೋಷ್ಟಕಗಳು ಒಂದರ ಹಿಂದೊಂದು ಬಂದವು. ಇವೆಲ್ಲ ಒಟ್ಟಾರೆ ವಿಮೆದಾರರ ಲೆಕ್ಕ. ಹೃದಯಾಘಾತವಾಗಿ ಬದುಕುಳಿದ ಭಾರತೀಯ ಎಷ್ಟು ವರ್ಷ ಬಾಳುತ್ತಾನೆಂಬ ಪ್ರಶ್ನೆಗೆ ವಿಮಾ ಕಚೇರಿಗಳು ಬಹುಪಾಲು ಹೊರದೇಶದ ಕೈಪಿಡಿಗಳನ್ನೇ ನೆಚ್ಚಿಕೊಂಡಿವೆ.

ಇಲ್ಲೇ ತೊಡಕಿರುವುದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಜ್ಞರೂ ಪಾಲ್ಗೊಂಡ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ರ ವಯಸ್ಸಿಗೆ ಬಂದರೆ, ಉಳಿದ ದೇಶಗಳವರಿಗೆ ಸುಮಾರು 59ಕ್ಕೆ ಬರುತ್ತದೆ. ಮಕ್ಕಳ ಓದು ಮುಗಿದಿಲ್ಲ, ಮನೆಸಾಲ ತೀರಿಲ್ಲ, ಆಗಲೇ ಹೊಡೆತ. ಅದೇ ಕಾಲೇಜಿನವರು ಮುಂದೆ ನಿಂತು ನಡೆಸಿ 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ಅಧ್ಯಯನ 89 ಆಸ್ಪತ್ರೆಗಳ 20 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿತ್ತು. 30 ದಿನಗಳೊಳಗೆ ತೀರಿಕೊಂಡವರು ಬಡವರಲ್ಲಿ ಶೇ 8.2, ಉಳ್ಳವರಲ್ಲಿ ಶೇ 5.5. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅಂತರ ಮಾಯವಾಯಿತು. ಎಂದರೆ ಬಡವರ ಹೃದಯ ಬೇರೆಯಲ್ಲ, ಅವರಿಗೆ ದೊರೆತ ಚಿಕಿತ್ಸೆ ಬೇರೆ. ಬೇರೆ ದೇಶದ ಕೈಪಿಡಿಯಲ್ಲಿ ಈ ಸತ್ಯ ಸಿಗುವುದಿಲ್ಲ.

ಚಿಕಿತ್ಸೆಯೂ ಈ ನಡುವೆ ಲೆಕ್ಕವನ್ನು ತಲೆಕೆಳಗು ಮಾಡಿತು. ಶಸ್ತ್ರವೈದ್ಯ ಫವಲೋರೊ 1967ರಲ್ಲಿ ಬೈಪಾಸಿಗೆ ದಾರಿ ತೋರಿದರು, ವೈದ್ಯ ಗ್ರುಂಟ್ಸಿಗ್ 1977ರಲ್ಲಿ ಜ್ಯೂರಿಕ್‌ನಲ್ಲಿ ಬಲೂನು ಊದಿ ರಕ್ತನಾಳ ತೆರೆದರು, ನಮ್ಮಲ್ಲಿ ಕೆ.ಎಂ. ಚೆರಿಯನ್ 1975ರಲ್ಲಿ ಮದರಾಸಿನಲ್ಲಿ ಮೊದಲ ಬೈಪಾಸ್ ಮಾಡಿದರು. ‘ಹಾರ್ಟ್ ಪೇಷೆಂಟು’ ಎಂಬ ಒಂದೇ ಗುಂಪು ಹತ್ತು ಗುಂಪಾಗಿ ಒಡೆಯಿತು.

ಹಾಗಾಗಿ ಇಂದು ಅರ್ಜಿಗಳನ್ನು ಅಳೆದು ತೀರ್ಮಾನಿಸುವ ಅಂಡರ್‌ರೈಟರ್ ಮೇಜಿನ ಮೇಲೆ ಹೃದ್ರೋಗಿಯ ಕಡತ ತೆರೆದುಕೊಂಡಾಗ ಏನು ನೋಡುತ್ತಾರೆಂಬುದು ತಿಳಿದಿದ್ದರೆ ಒಳ್ಳೆಯದು. ಮೊದಲು ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ: ಆಘಾತವಾದ ದಿನಾಂಕ, ಆಗಿನ ವಯಸ್ಸು. 38ಕ್ಕೆ ಬಂದದ್ದಕ್ಕೂ 58ಕ್ಕೆ ಬಂದದ್ದಕ್ಕೂ ಅಜಗಜಾಂತರ. ಚಿಕ್ಕ ವಯಸ್ಸಿಗೆ ಬಂದಷ್ಟೂ ಅಂಕ ಏರುತ್ತದೆ. ಆಂಜಿಯೋಗ್ರಾಮಿನಲ್ಲಿ ಎಷ್ಟು ನಾಳ ಕಟ್ಟಿವೆ, ಎಡಭಾಗದ ಮುಖ್ಯ ನಾಳವೇ ಕಟ್ಟಿತ್ತೇ. ಎಕೋ ವರದಿಯಲ್ಲಿ ನಮ್ಮ ಜನ ‘ಪಂಪಿಂಗ್’ ಎನ್ನುತ್ತಾರಲ್ಲ, ಆ ಅಂಕಿ. 60 ಎಂದಿದ್ದರೆ ಒಂದು ಮಾತು, 35 ಎಂದಿದ್ದರೆ ಬೇರೆಯೇ ಮಾತು. ಆಮೇಲೆ ಟ್ರೆಡ್ಮಿಲ್ ಪರೀಕ್ಷೆ (ಟಿಎಂಟಿ), ಮೂರು ತಿಂಗಳ ಸಕ್ಕರೆ, ಕೊಲೆಸ್ಟ್ರಾಲ್, ಮಾತ್ರೆ ಬಿಡದೆ ನುಂಗುತ್ತಿದ್ದಾರೆಯೇ, ಬೀಡಿ-ಸಿಗರೇಟು ನಿಂತಿದೆಯೇ. ಬಾಲ್ಯದಲ್ಲೇ ಹೃದಯದ ರಂಧ್ರ ಮುಚ್ಚಿಸಿಕೊಂಡು ಆರಾಮವಾಗಿರುವವರಿಗೆ ಎಷ್ಟೋ ಸಲ ಸಾಮಾನ್ಯ ದರದಲ್ಲೇ ಪಾಲಿಸಿ ಸಿಗುತ್ತದೆ. ಆಘಾತವಾಗಿ ಎರಡು ತಿಂಗಳಾದವರ ಅರ್ಜಿಯನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ. ಅದನ್ನು ತಿರಸ್ಕಾರವೆಂದು ತಿಳಿದು ಮತ್ತೆ ಪ್ರಯತ್ನಿಸದೆ ಬಿಡಬಾರದು.

ಹೆಚ್ಚುವರಿ ಕಂತು ಎಲ್ಲ ಪಾಲಿಸಿಯಲ್ಲೂ ಒಂದೇ ತೆರನಾಗಿ ಕಚ್ಚುವುದಿಲ್ಲ. ಟರ್ಮ್ ಪಾಲಿಸಿಯಲ್ಲಿ ಕಂತಿನ ಬಹುಪಾಲು ಸಾವಿನ ಅಪಾಯಕ್ಕೇ ಹೋಗುವುದರಿಂದ ಇಎಂಆರ್ 150 ಎಂದರೆ ಕಂತು ಎರಡೂವರೆ ಪಟ್ಟಿನ ಹತ್ತಿರಕ್ಕೆ ಹೋಗಬಹುದು. ಎಂಡೋಮೆಂಟ್‌ನಲ್ಲಿ ಕಂತಿನ ದೊಡ್ಡ ಪಾಲು ಉಳಿತಾಯದ್ದು, ಆ ಭಾಗಕ್ಕೆ ಹೆಚ್ಚಳವಿಲ್ಲ; ಒಟ್ಟು ಕಂತು ಅಷ್ಟೇನೂ ಏರಿದಂತೆ ಕಾಣುವುದಿಲ್ಲ. ಆದರೆ ಅಲ್ಲಿ ಅದೇ ದುಡ್ಡಿಗೆ ಸಿಗುವ ರಕ್ಷಣೆಯೂ ಕಡಿಮೆ. ಎರಡನ್ನೂ ಕಾಗದದ ಮೇಲೆ ಬರೆಸಿಕೊಂಡು ಹೋಲಿಸುವುದು ಮೇಲು.

ಇನ್ನು, ಮುಚ್ಚಿಡುವ ವಿಚಾರ. ‘ಇಲ್ಲ ಅಂತ ಹಾಕಿಬಿಡಿ ಸಾರ್, ಯಾರು ನೋಡ್ತಾರೆ’ ಎಂಬ ಸಲಹೆ ಕೊಡುವವರಿದ್ದಾರೆ. ಇದರಷ್ಟು ಕೆಟ್ಟ ಸಲಹೆ ಬೇರೆಯಿಲ್ಲ. ವಿಮೆ ಪರಸ್ಪರ ನಂಬಿಕೆಯ ಒಪ್ಪಂದವೆಂದು ಇಂಗ್ಲೆಂಡಿನ ಲಾರ್ಡ್ ಮ್ಯಾನ್ಸ್‌ಫೀಲ್ಡ್ 1766ರಲ್ಲೇ ತೀರ್ಪಿತ್ತರು. ನಮ್ಮ 1938ರ ವಿಮಾ ಕಾಯ್ದೆಯ 45ನೇ ಕಲಂ ಪಾಲಿಸಿದಾರನಿಗೂ ಒಂದು ಕಾವಲು ಕೊಟ್ಟಿತು: ಎರಡು ವರ್ಷ ಕಳೆದಮೇಲೆ, ಬೇಕೆಂದೇ ವಂಚಿಸಿದ್ದನ್ನು ರುಜುವಾತು ಮಾಡದೆ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. 1962ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣದಲ್ಲಿ, ಕಾಲು ಊದಿ, ನಡೆದರೆ ಏದುಸಿರು ಬಂದು ಚಿಕಿತ್ಸೆ ಪಡೆದಿದ್ದನ್ನು ಮುಚ್ಚಿಟ್ಟವರ ಪಾಲಿಸಿಯ ಹಣ ಸಿಗಲಿಲ್ಲ. 2015ರಲ್ಲಿ ಅದೇ ನ್ಯಾಯಾಲಯದ ಮುಂದಿದ್ದುದು ಬೆನ್ನುಮೂಳೆಯ ತೊಂದರೆ ಹೇಳದೆ ಪಾಲಿಸಿ ಮಾಡಿಸಿ, ಹೃದಯಾಘಾತದಿಂದ ತೀರಿಕೊಂಡವರ ಪ್ರಕರಣ. ಮುಚ್ಚಿಟ್ಟದ್ದಕ್ಕೂ ಸಾವಿಗೂ ಸಂಬಂಧವಿಲ್ಲವೆಂದು ಹೇಳಿ ನ್ಯಾಯಾಲಯ ಹಣ ಕೊಡಿಸಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯಾಗಿ, ಈಗ ಮೂರು ವರ್ಷ ದಾಟಿದರೆ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸಲಾಗದು. ಹಾಗೆಂದು ಮೂರು ವರ್ಷ ಬದುಕಿದರಾಯಿತೆಂದು ಸುಳ್ಳು ಬರೆಯುವುದು ಹೆಂಡತಿ-ಮಕ್ಕಳ ಪಾಲಿನ ಹಣದೊಂದಿಗೆ ಆಡುವ ಜೂಜು. ಹೃದ್ರೋಗಿಗೆ ಆ ಮೂರು ವರ್ಷವೇ ಗಂಡಾಂತರದ ಕಾಲ.

ಆ ಮೂರು ವರ್ಷದ ಎಣಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಕಂತು ಕಟ್ಟದೆ ಪಾಲಿಸಿ ಲ್ಯಾಪ್ಸ್ ಆಗಿ ಮತ್ತೆ ರಿವೈವಲ್ ಮಾಡಿಸಿಕೊಂಡರೆ, ಎಣಿಕೆ ರಿವೈವಲ್ ದಿನದಿಂದ ಹೊಸದಾಗಿ ಶುರು. ಹೊಸದಾಗಿ ಆರೋಗ್ಯದ ಘೋಷಣೆಯನ್ನೂ ಬರೆದುಕೊಡಬೇಕಾಗುತ್ತದೆ. ಮೂವತ್ತರ ವಯಸ್ಸಿನಲ್ಲಿ ಆರೋಗ್ಯವಾಗಿದ್ದಾಗ ಮಾಡಿಸಿದ ಪಾಲಿಸಿ ನಡುವೆ ನಿಂತು, ಅಷ್ಟರಲ್ಲಿ ಬೈಪಾಸ್ ಆಗಿದ್ದರೆ, ಹಳೆಯ ದರದ ರಕ್ಷಣೆ ಕೈಬಿಟ್ಟಂತೆಯೇ. ಆಸ್ಪತ್ರೆಯ ಬಿಲ್ಲು ಕಟ್ಟಲು ಕೈ ಬರಿದಾದ ತಿಂಗಳಲ್ಲೇ ಎಷ್ಟೋ ಮನೆಗಳಲ್ಲಿ ಈ ಕಂತು ತಪ್ಪುತ್ತದೆ. ಹಬ್ಬದ ಬಟ್ಟೆ ಬಿಟ್ಟಾದರೂ ಇದನ್ನು ಕಟ್ಟಿ ಎಂದು ಕೈಮುಗಿದು ಹೇಳುತ್ತೇನೆ.

ಎಲ್ಲೂ ಸಿಗದವರಿಗೆ ಉಳಿದಿರುವ ದಾರಿ ಗುಂಪು ವಿಮೆ. ಕಂಪನಿ ತನ್ನ ನೌಕರರೆಲ್ಲರಿಗೂ ಒಟ್ಟಿಗೆ ಮಾಡಿಸುವ ವಿಮೆಯಲ್ಲಿ ಒಂದು ಮಿತಿಯವರೆಗೆ ಒಬ್ಬೊಬ್ಬರ ಇಸಿಜಿ ಕೇಳುವುದಿಲ್ಲ. ಕಾಯಿಲೆಯವರಷ್ಟೇ ನುಗ್ಗಿ ಬರುವ ಭಯ ಅಲ್ಲಿಲ್ಲ. ಅದೇ ತತ್ತ್ವದ ಮೇಲೆ 2015ರಲ್ಲಿ ಬಂದದ್ದು ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ: ಬ್ಯಾಂಕ್ ಖಾತೆಯಿರುವ 18ರಿಂದ 50 ವರ್ಷದವರು ಸೇರಬಹುದು, ವರ್ಷಕ್ಕೆ 436 ರೂಪಾಯಿ, ವೈದ್ಯಕೀಯ ತಪಾಸಣೆಯಿಲ್ಲ, ಸೇರಿದ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಸಾವಿಗೆ ಹಣವಿಲ್ಲ, ಆಮೇಲೆ 2 ಲಕ್ಷ. ಒಂದು ಸಂಸಾರ ನಿಲ್ಲಲು ಅದು ಸಾಲದು, ಆದರೆ ಇದ್ದದ್ದನ್ನು ಬಿಡಬಾರದು.

ನಾನು ಕೇಳುವುದು ಇನ್ನಷ್ಟು. ಜಯದೇವದಂಥ ಆಸ್ಪತ್ರೆಗಳ ಕಡತಗಳಲ್ಲಿ ಸ್ಟೆಂಟ್ ಹಾಕಿಸಿಕೊಂಡ ನಮ್ಮ ಜನರ ಮುಂದಿನ ಬದುಕಿನ ವಿವರಗಳಿವೆ. ವಿಮಾ ಕಂಪನಿಗಳ ಬಳಿ ಕ್ಲೇಮುಗಳ ವಿವರಗಳಿವೆ. ಹೆಸರು, ವಿಳಾಸ ತೆಗೆದು ಇವೆರಡನ್ನೂ ಕೂಡಿಸಿದರೆ ರೋಜರ್ಸ್-ಹಂಟರ್ ಕಟ್ಟಿದಂಥದ್ದೇ, ಆದರೆ ನಮ್ಮದೇ ಆದ ಕೋಷ್ಟಕ ಸಿದ್ಧವಾಗುತ್ತದೆ. ತಿರಸ್ಕರಿಸಿದ ಪತ್ರದಲ್ಲಿ ಯಾವ ವರದಿಯ ಯಾವ ಅಂಕಿಯ ಕಾರಣಕ್ಕೆ ತಿರಸ್ಕಾರ, ಎಷ್ಟು ತಿಂಗಳ ನಂತರ ಮತ್ತೆ ಅರ್ಜಿ ಹಾಕಬಹುದು ಎಂಬುದು ಕನ್ನಡದಲ್ಲಿ ಇರಬೇಕು. ವಿಮೆಯ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ವಾರ್ಷಿಕ ವರದಿಯಲ್ಲಿ ಯಾವ ಕಂಪನಿ ಎಷ್ಟು ಕ್ಲೇಮು ತೀರಿಸಿತೆಂಬ ಪಟ್ಟಿ ಬರುತ್ತದೆ. ಆ ಪಟ್ಟಿಯ ಪಕ್ಕದಲ್ಲೇ, ಹೃದಯದ ಕಾಯಿಲೆಯೆಂದು ಬರೆದುಕೊಟ್ಟವರಲ್ಲಿ ಎಷ್ಟು ಮಂದಿಗೆ ಪಾಲಿಸಿ ಕೊಟ್ಟಿತು, ಎಷ್ಟು ಮಂದಿಯನ್ನು ಮುಂದೂಡಿತು, ಎಷ್ಟು ಮಂದಿಯನ್ನು ತಿರಸ್ಕರಿಸಿತು ಎಂಬ ಮೂರು ಕಾಲಂ ಸೇರಿಸಲಿ.