ಬ್ಲೂಬೆಲ್ ಕಾಡಿನ ಬಿಸಿಲು ಮತ್ತು ಬದುಕು

ಏಪ್ರಿಲ್ ನಡುವಿನಿಂದ ಮೇ ತಿಂಗಳವರೆಗೆ ಬ್ರಿಟನ್ನಿನ ಹಳೆಯ ಓಕ್, ಬೀಚ್ ಮತ್ತು ಹೇಜಲ್ ಕಾಡುಗಳಿಗೆ ತಂಡತಂಡವಾಗಿ ನಡಿಗೆಗೆ ಬರುವವರನ್ನು ಸೆಳೆಯುವುದು ಅಲ್ಲಿನ ನೆಲವನ್ನೆಲ್ಲ ಆವರಿಸಿ ಅರಳುವ ನೀಲಿ ಬ್ಲೂಬೆಲ್ ಹೂಗಳು. ಹಯಸಿಂಥಾಯ್ಡೀಸ್ ನಾನ್‌ಸ್ಕ್ರಿಪ್ಟ ಎಂಬ ವೈಜ್ಞಾನಿಕ ಹೆಸರಿನ ಈ ಗಿಡದ ವರ್ಷದ ಗಳಿಕೆಯೆಲ್ಲ, ಮರಗಳು ಚಿಗುರಿ ನೆಲಕ್ಕೆ ನೆರಳು ಕವಿಯುವ ಮುನ್ನ ದೊರೆಯುವ ಬಿಸಿಲನ್ನೇ ಬಹುಮಟ್ಟಿಗೆ ನೆಚ್ಚಿಕೊಂಡಿದೆ. ಚಳಿಗಾಲ ಮುಗಿಯುವ ಮೊದಲೇ ಮಣ್ಣಿನಿಂದ ಮೇಲೇಳುವ ಎಲೆಗಳು ದ್ಯುತಿಸಂಶ್ಲೇಷಣೆಯಿಂದ, ಎಂದರೆ ಬೆಳಕನ್ನು ಬಳಸಿ ಆಹಾರ ತಯಾರಿಸುವ ಕ್ರಿಯೆಯಿಂದ, ಪಡೆದ ಸತ್ವವನ್ನು ನೆಲದೊಳಗಿನ ಗೆಡ್ಡೆಗೆ ಕಳುಹಿಸುತ್ತವೆ. ಬೇಸಿಗೆಯಲ್ಲಿ ಎಲೆಗಳು ಒಣಗಿದ ಮೇಲೆ ಆ ಗೆಡ್ಡೆಯೇ ಮುಂದಿನ ವಸಂತದವರೆಗೆ ಗಿಡವನ್ನು ಕಾಪಾಡುತ್ತದೆ.

ಬೀಜಗಳು ತಾಯಿಗಿಡದ ಬಳಿಯಲ್ಲೇ ಉದುರುವುದರಿಂದಲೂ, ಬೀಜದಿಂದ ಹುಟ್ಟಿದ ಸಸಿ ಹೂಬಿಡಲು ಸುಮಾರು 5 ವರ್ಷ ಬೇಕಾಗುವುದರಿಂದಲೂ ಬ್ಲೂಬೆಲ್ ಬಹಳ ನಿಧಾನವಾಗಿ ಹಬ್ಬುತ್ತದೆ. ಆದಕಾರಣ ಇದು ದಟ್ಟವಾಗಿರುವಲ್ಲಿ ‘ಪ್ರಾಚೀನ ಕಾಡು’, ಅಂದರೆ ಇಂಗ್ಲೆಂಡಿನ ಮಟ್ಟಿಗೆ 1600ರಿಂದಲೂ ಕಾಡಾಗಿಯೇ ಉಳಿದಿರುವ ಪ್ರದೇಶ, ಇರಬಹುದೆಂದು ಸಸ್ಯವಿಜ್ಞಾನಿಗಳು ಊಹಿಸುತ್ತಾರೆ.

ಹೂವನ್ನು ಸಮೀಪದಿಂದ ನೋಡಿದರೆ ತಳಿಯ ಗುರುತೂ ಸಿಗುತ್ತದೆ: ಸ್ಥಳೀಯ ಬ್ಲೂಬೆಲ್‌ನ ದಂಟು ಒಂದೇ ಬದಿಗೆ ಬಾಗಿದ್ದು, ಕಿರಿದಾದ ಗಂಟೆಯಾಕಾರದ ಹೂವುಗಳು ಆ ಬದಿಯಲ್ಲೇ ತೂಗುತ್ತವೆ, ಪರಾಗ ಕೆನೆಬಣ್ಣದ್ದು; ತೋಟಗಳಿಂದ ತಪ್ಪಿಸಿಕೊಂಡು ಬಂದು ಅದರೊಡನೆ ಬೆರೆತು ಮಿಶ್ರತಳಿ ಹುಟ್ಟಿಸುವ ಸ್ಪ್ಯಾನಿಶ್ ಬ್ಲೂಬೆಲ್‌ನ ದಂಟು ನೆಟ್ಟಗಿದ್ದು, ಹೂವುಗಳು ಸುತ್ತಲೂ ಇರುತ್ತವೆ, ಪರಾಗ ಸಾಮಾನ್ಯವಾಗಿ ನೀಲಿ. ಚಳಿಗಾಲದ ನಿದ್ರೆಯಿಂದೆದ್ದ ಬಂಬಲ್‌ಬೀ ರಾಣಿದುಂಬಿಗಳಿಗೆ ಈ ಹೂವುಗಳ ಮಕರಂದ ಒಳ್ಳೆಯ ಆಸರೆ. ಮೇಲಿನ ಕೊಂಬೆಗಳಲ್ಲಿ, ಮೆಡಿಟರೇನಿಯನ್ ತೀರದಿಂದಲೂ ಆಫ್ರಿಕದಿಂದಲೂ ವಲಸೆ ಬಂದ ಚಿಫ್‌ಚಾಫ್ ಹಕ್ಕಿಯ ಎರಡು ಸ್ವರಗಳ ಕೂಗು ಎಡೆಬಿಡದೆ ಕೇಳುತ್ತದೆ. ಓಕ್ ಚಿಗುರನ್ನು ಮೇಯುವ ಕಂಬಳಿಹುಳುಗಳು ಹೆಚ್ಚುವ ಕಾಲಕ್ಕೆ ಸರಿಯಾಗಿ ಬ್ಲೂಟಿಟ್ ಹಕ್ಕಿಗಳು ಮರಿಮಾಡುತ್ತವೆ. ಹೀಗೆ ಬಿಸಿಲು, ಚಿಗುರು, ಹುಳು, ಹಕ್ಕಿ ಇವುಗಳ ಕಾಲಗಣನೆ ಒಂದಕ್ಕೊಂದು ಹೆಣೆದುಕೊಂಡಿದೆ.

ಜಗತ್ತಿನ ಬ್ಲೂಬೆಲ್‌ಗಳಲ್ಲಿ ಸುಮಾರು ಅರ್ಧದಷ್ಟು ಬ್ರಿಟನ್ನಿನಲ್ಲಿವೆ ಎಂಬ ಅಂದಾಜಿದೆ. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯಿದೆ ಈ ಗಿಡಕ್ಕೆ ರಕ್ಷಣೆ ನೀಡಿದ್ದು, 1998ರಿಂದ ಕಾಡಿನ ಗೆಡ್ಡೆಗಳನ್ನು ಕಿತ್ತು ಮಾರುವುದೂ ಅಪರಾಧವಾಗಿದೆ. ಕಾಯಿದೆಗೆ ಸಿಗದ ಹಾನಿಯೆಂದರೆ ಕಾಲ್ತುಳಿತ: ಹೂವು ಮುರಿದರೆ ನಷ್ಟ ಆ ವರ್ಷದ ಬೀಜಕ್ಕೆ, ಎಲೆ ಜಜ್ಜಿಹೋದರೆ ಗೆಡ್ಡೆಗೆ ಆಹಾರವೇ ತಲುಪದೆ ಗಿಡ ಸೊರಗಿ, ಚೇತರಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಆದ್ದರಿಂದ ಗುಂಪಾಗಿ ಹೋಗುವವರು, ಛಾಯಾಚಿತ್ರದ ಆಸೆಯಿದ್ದರೂ, ಕಾಲುದಾರಿ ಬಿಟ್ಟಿಳಿಯದೆ ಒಬ್ಬರ ಹಿಂದೊಬ್ಬರು ನಡೆಯಬೇಕು.