ಅಗೆಯುವ ಯಂತ್ರದ ಬಕೆಟ್ಟೂ ಅದನ್ನು ಹಿಡಿದಿಡುವ ಕೊಂಡಿಯೂ

ಹೊಂಡ ತೋಡುವುದು, ಕೆರೆಯ ಹೂಳೆತ್ತುವುದು, ಪೈಪುಗಳನ್ನು ಹುಗಿಯಲು ಕಾಲುವೆ ತೆಗೆಯುವುದು ಮುಂತಾದ ಕೆಲಸಗಳು ಹಿಂದೆ ಗುದ್ದಲಿ ಬುಟ್ಟಿಗಳಿಂದ ವಾರಗಟ್ಟಲೆ ನಡೆಯುತ್ತಿದ್ದುವು. 2014ರಲ್ಲಿ ಕರ್ನಾಟಕ ಸರ್ಕಾರವು ಕೃಷಿಭಾಗ್ಯ ಯೋಜನೆಯನ್ನು ಜಾರಿಗೆ ತಂದಮೇಲೆ ಮಳೆಯಾಶ್ರಿತ ಪ್ರದೇಶಗಳಲ್ಲಿ ಕೃಷಿಹೊಂಡಗಳು ಹೆಚ್ಚಿದುವು. ಅವುಗಳೊಡನೆ ಗಂಟೆಯ ಬಾಡಿಗೆಯ ಯಂತ್ರಗಳೂ ಹೊಲದೊಳಕ್ಕೆ ಬಂದುವು. ತಯಾರಿಸಿದವರು ಯಾರೇ ಆಗಿರಲಿ, ಜನರು ಇವನ್ನು ಜೆಸಿಬಿ ಎಂದೂ ಹಿಟಾಚಿ ಎಂದೂ ಕರೆಯುವರು. ಯಂತ್ರವನ್ನು ಗೊತ್ತುಮಾಡುವಾಗ ಬಾಡಿಗೆಯ ಚೌಕಾಸಿ ನಡೆಯುವುದೇ ಹೊರತು, ಬಕೆಟ್ಟು ತೋಳಿಗೆ ಯಾವುದರಿಂದ ಸೇರಿಕೊಂಡಿದೆಯೆಂಬುದನ್ನು ನೋಡುವವರು ವಿರಳ.

ಒಂದೇ ಬಕೆಟ್ಟು ಎಲ್ಲಾ ಕೆಲಸಕ್ಕೂ ಒದಗಲಾರದು. ಗಟ್ಟಿನೆಲಕ್ಕೆ ಹಲ್ಲುಳ್ಳದ್ದು, ಹೂಳಿಗೂ ಇಳಿಜಾರನ್ನು ಸವರುವುದಕ್ಕೂ ಅಗಲವಾದದ್ದು, ಪೈಪಿನ ಕಾಲುವೆಗೆ ಕಿರಿದಾದದ್ದು, ಬಂಡೆ ಸಿಕ್ಕಿದರೆ ಬ್ರೇಕರ್ ಬೇಕಾಗುವುದು. ಬಕೆಟ್ಟು ಎರಡು ದಪ್ಪ ಪಿನ್ನುಗಳಿಂದ ನೇರವಾಗಿ ತೋಳಿಗೆ ಸೇರಿದ್ದರೆ ಪ್ರತಿ ಸಲವೂ ಅವನ್ನು ಸುತ್ತಿಗೆಯಿಂದ ಹೊಡೆದು ಬಿಡಿಸಬೇಕು. ಕಾಲಹರಣವಂತಿರಲಿ, ಇದರಲ್ಲಿ ಬೆರಳು ಜಜ್ಜುವುದೂ ಲೋಹದ ಚೂರು ಕಣ್ಣಿಗೆ ಸಿಡಿಯುವುದೂ ಉಂಟು. ಈ ತೊಂದರೆಯನ್ನು ನೀಗುವುದಕ್ಕಾಗಿಯೇ ಕ್ವಿಕ್ ಕಪ್ಲರ್ ಎಂಬ ಕೊಂಡಿಯು ಬಳಕೆಗೆ ಬಂದಿತು. ತೋಳಿನ ತುದಿಯಲ್ಲಿ ಸದಾ ಇರುವ ಈ ಕೊಂಡಿಯ ಒಂದು ಬದಿಯ ಅಚಲವಾದ ಕೊಕ್ಕೆಯು ಬಕೆಟ್ಟಿನ ಮುಂದಿನ ಪಿನ್ನನ್ನು ಹಿಡಿಯುತ್ತದೆ. ಇನ್ನೊಂದು ಬದಿಯ ಚಲಿಸುವ ದವಡೆಯು ಹಿಂದಿನ ಪಿನ್ನನ್ನು ಕಚ್ಚುತ್ತದೆ.

ದವಡೆಯನ್ನು ಕೈಯಿಂದ ಬಿಗಿಯತಕ್ಕದ್ದು ಒಂದು ಬಗೆ. ಚಾಲಕನು ತನ್ನ ಪೀಠದಿಂದಲೇ ಎಣ್ಣೆಯ ಒತ್ತಡವನ್ನು ಬಿಟ್ಟು ದವಡೆಯನ್ನು ಮುಚ್ಚಿ, ಬಳಿಕ ಕೆಳಗಿಳಿದು ಒಂದು ರಕ್ಷಣೆಯ ಪಿನ್ನನ್ನು ಕೈಯಿಂದ ತೂರಿಸಬೇಕಾದದ್ದು ಎರಡನೆಯದು. ರಕ್ಷಣೆಯ ಅಗಳಿಯೂ ತಾನಾಗಿಯೇ ಬೀಳುವಂಥದು ಮೂರನೆಯದು. ಎರಡನೆಯ ಬಗೆಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಏಕೆಂದರೆ ರಕ್ಷಣೆಯ ಪಿನ್ನನ್ನು ಹಾಕದಿದ್ದರೂ ಬಕೆಟ್ಟು ಏಳುತ್ತದೆ, ಅಗೆಯುತ್ತದೆ, ಮಣ್ಣನ್ನು ಸುರಿಯುತ್ತದೆ; ಲೋಪವೇನೂ ಕಣ್ಣಿಗೆ ಕಾಣುವುದಿಲ್ಲ. ಬೆಳಗಿನಿಂದ ನೆಟ್ಟಗೆ ನಡೆದ ಯಂತ್ರದಲ್ಲಿ ಮಧ್ಯಾಹ್ನ ಎಣ್ಣೆಯ ಒತ್ತಡವು ಸೋರಿ ಇಳಿದರೆ, ಅಥವಾ ಕೈತಪ್ಪಿ ಗುಂಡಿಯು ಒತ್ತಲ್ಪಟ್ಟರೆ, ದವಡೆಯು ಬಿಟ್ಟುಕೊಳ್ಳಬಹುದು. 20 ಟನ್ ತೂಕದ ಯಂತ್ರದ ಬಕೆಟ್ಟು ಬರಿದಾಗಿದ್ದಾಗಲೂ ಅರ್ಧ ಟನ್ನಿಗೆ ಮೀರಿ ತೂಗುವುದು. ಹೊಂಡದ ತಳದಲ್ಲಿ ಮೂಲೆಗಳನ್ನು ಸರಿಪಡಿಸುತ್ತ ನಿಂತ ಕೂಲಿಯಾಳಿಗೆ ಓಡಲು ಎಡೆಯಾದರೂ ಎಲ್ಲಿ?

ಇದು ಬರಿಯ ಊಹೆಯಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಕೆಟ್ಟು ಕಳಚಿಬಿದ್ದು ಪ್ರಾಣಹಾನಿಯಾದ ಪ್ರಸಂಗಗಳ ಮೇಲಿಂದ ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆಯು 2005ರಲ್ಲಿ ಎಚ್ಚರಿಕೆಯ ಪತ್ರವನ್ನು ಹೊರಡಿಸಿತು. ಆಸ್ಟ್ರೇಲಿಯಾ ದೇಶವು 2008ರಲ್ಲಿ ಈ ಕೊಂಡಿಗಳಿಗೆಂದೇ ಒಂದು ಮಾನಕವನ್ನು ಗೊತ್ತುಪಡಿಸಿತು. 2016ರಲ್ಲಿ ಐಎಸ್‌ಒ 13031 ಎಂಬ ಅಂತರರಾಷ್ಟ್ರೀಯ ಮಾನಕವೂ ಪ್ರಕಟವಾಯಿತು. ಹಿಡಿತಕ್ಕೆ ಕಾರಣವಾದ ಒತ್ತಡವು ತಪ್ಪಿಹೋದರೂ ಬಕೆಟ್ಟು ಕಳಚಬಾರದೆಂಬುದೇ ಸುರಕ್ಷಿತವಾದ ಕೊಂಡಿಯ ಮುಖ್ಯ ಲಕ್ಷಣ. ಇದಕ್ಕಾಗಿ ಕೆಲವು ಕೊಂಡಿಗಳಲ್ಲಿ ಮುಂದಿನ ಪಿನ್ನಿಗೂ ಬೇರೊಂದು ಅಗಳಿಯನ್ನು ಇಟ್ಟಿರುತ್ತಾರೆ. ಹಿಂದಿನ ದವಡೆಯು ಬಿಟ್ಟರೂ ಬಕೆಟ್ಟು ಮುಂದಿನ ಪಿನ್ನಿನಲ್ಲಿ ಜೋತಾಡುವುದೇ ವಿನಾ ನೆಲಕ್ಕೆ ಬೀಳದು. ಮನುಷ್ಯನ ಜ್ಞಾಪಕಶಕ್ತಿಯನ್ನೇ ನಂಬಿದ ರಕ್ಷಣೆಗಿಂತ ಇಂಥದು ಎಷ್ಟೋ ಮೇಲು.

ಆದರೂ ಇದು ಪರೀಕ್ಷೆಗೆ ಬದಲಾಗಲಾರದು. ಹಿಂದಿನ ಪಿನ್ನು ದವಡೆಯೊಳಗೆ ಕೂರದೆ ಹೊರಗೇ ಉಳಿದು, ಬಕೆಟ್ಟು ಸರಿಯಾಗಿ ಸೇರಿದಂತೆ ತೋರುವುದುಂಟು. ಆದಕಾರಣ ಬಕೆಟ್ಟನ್ನು ಬದಲಿಸಿದಾಗಲೆಲ್ಲಾ, ಜನರು ದೂರದಲ್ಲಿರುವಾಗಲೇ, ಅದನ್ನು ನೆಲಕ್ಕೊತ್ತಿ ಹಿಂದಕ್ಕೆಳೆದು ನೋಡತಕ್ಕದ್ದು. ಬಳಿಕ ಬಕೆಟ್ಟನ್ನು ನೆಲದ ಮೇಲಿರಿಸಿ, ಯಂತ್ರವನ್ನು ನಿಲ್ಲಿಸಿ, ಕೆಳಗಿಳಿದು ಎರಡು ಪಿನ್ನುಗಳನ್ನೂ ಅಗಳಿಯನ್ನೂ ಕಣ್ಣಾರೆ ಕಾಣಬೇಕು. ದವಡೆಯಲ್ಲಿ ಎರೆಮಣ್ಣು ಮೆತ್ತಿಕೊಂಡಿದ್ದರೆ ಮೊದಲು ಕೆರೆದು ತೆಗೆಯಬೇಕು. ಎತ್ತಿ ಹಿಡಿದ ಬಕೆಟ್ಟಿನ ಕೆಳಗೆ ತಲೆಯಿಟ್ಟು ಪಿನ್ನು ತೂರಿಸುವುದು ಎಂದಿಗೂ ಕೂಡದು.

ಇದಕ್ಕೆಲ್ಲಾ ಹಿಡಿಯುವ ಹೊತ್ತು ಕೆಲವೇ ನಿಮಿಷಗಳು. ಗಂಟೆಯ ಬಾಡಿಗೆ ಕೊಡುವ ರೈತರು ಈ ನಿಮಿಷಗಳಿಗಾಗಿ ಚಾಲಕನನ್ನು ಅವಸರಪಡಿಸಿದರೆ, ಆತನು ಕೆಳಗಿಳಿಯದೆ ಇರುವುದಕ್ಕೆ ಅವರೇ ಕಾರಣರಾಗುವರು. ಯಂತ್ರವು ಹೊಲಕ್ಕೆ ಬಂದೊಡನೆ ರಕ್ಷಣೆಯ ಪಿನ್ನನ್ನು ತೋರಿಸುವಂತೆ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಪಿನ್ನು ಕಳೆದುಹೋದ ಕಡೆ ಕಬ್ಬಿಣದ ಸರಳಿನ ತುಂಡನ್ನೋ ಬೋಲ್ಟನ್ನೋ ಸಿಕ್ಕಿಸುವುದು, ಸವೆದ ದವಡೆಗೆ ಬೆಸುಗೆ ಹಾಕಿಸಿ ನಡೆಸುವುದು, ಅಳತೆ ಹೊಂದದ ಬಕೆಟ್ಟನ್ನು ಕೂರಿಸುವುದು, ಇವನ್ನು ಒಪ್ಪಬಾರದು. ಸರಿಯಾದ ಪಿನ್ನು ಬರುವವರೆಗೆ ಕೊಂಡಿಯನ್ನೇ ತೆಗೆಸಿ, ಬಕೆಟ್ಟು ಆ ಯಂತ್ರದ ಅಳತೆಯದಾಗಿದ್ದರೆ, ಹಿಂದಿನಂತೆ ಎರಡು ಪಿನ್ನುಗಳಿಂದ ನೇರವಾಗಿ ತೋಳಿಗೆ ಸೇರಿಸಿ ಕೆಲಸವನ್ನು ಮುಂದುವರಿಸಬಹುದು.